ಒಂದೇ ಈಡು

ನಮ್ಮ ಕಡೆ ಬಂದೂಕಿಗೆ ತುಪಾಕಿ ಅನ್ನುತ್ತಾರೆ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಮೂರು ಮೈಲಿ ನಡೆದರೆ ಸಿಗುವ ಊರು ನಮ್ಮದು. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಹಾಗಾಗಿ ನಡುಮನೆಯ ಗೋಡೆಯ ಗೂಟಕ್ಕೆ ತೂಗುತ್ತಿದ್ದ ಆ ವಸ್ತು ತಾತನ ಬಾಯಲ್ಲಿ ತುಪಾಕಿ, ಪೊಲೀಸರ ಬಾಯಲ್ಲಿ ಗನ್ನು, ನಾನು ಲೈಬ್ರರಿಯಿಂದ ತಂದು ಓದುತ್ತಿದ್ದ ಪುಸ್ತಕಗಳಲ್ಲಿ ಕೋವಿ. ಮೂರು ಹೆಸರಿನ ಆ ಒಂದು ವಸ್ತು 1998ರ ದೀಪಾವಳಿಗೆ ಎರಡು ದಿನ ಮುಂಚೆ ನನ್ನ ಚಿಕ್ಕಪ್ಪನ ಕೈಯಲ್ಲಿ ಸಿಡಿಯಿತು. ಎಡಗೈಯ ಹೆಬ್ಬೆರಳು, ತೋರುಬೆರಳು ಹೋದವು. ಎಡಗಣ್ಣು ಮಂಜಾಯಿತು. ಯಾಕೆ ಸಿಡಿಯಿತು ಎಂಬ ವಾದ ಅವತ್ತು ಶುರುವಾದದ್ದು ಇಪ್ಪತ್ತಮೂರು ವರ್ಷ ನಮ್ಮ ಮನೆಯಲ್ಲಿ ನಡೆಯಿತು. ಹಬ್ಬಕ್ಕೆ ನೆಂಟರು ಸೇರಿದರೆ ಸಾಕು, ಊಟ ಮುಗಿದು ಎಲೆಅಡಿಕೆ ತಟ್ಟೆ ಬರುವ ಹೊತ್ತಿಗೆ ಯಾರಾದರೂ ಒಬ್ಬರು ಎತ್ತುತ್ತಿದ್ದರು. ಆ ವಾದದಲ್ಲಿ ನಾನೂ ಕೂತಿರುತ್ತಿದ್ದೆ. ಉತ್ತರ ಗೊತ್ತಿದ್ದವನು ನಾನೊಬ್ಬನೇ.

ಮೊದಲು ತುಪಾಕಿಯ ಬಗ್ಗೆ ಹೇಳಬೇಕು. ಅದು ಬಾಯಿಂದ ತುಂಬುವ ಒಂಟಿ ನಳಿಗೆಯ ಕೇಪಿನ ಕೋವಿ. ಬೆಳೆ ರಕ್ಷಣೆಗೆಂದು ತಾತನ ಅಪ್ಪನ ಕಾಲದಲ್ಲಿ ಲೈಸೆನ್ಸ್ ಆಗಿದ್ದು. ಮಳೆಗಾಲದಲ್ಲಿ ಬಿತ್ತಿದ ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಗುಡ್ಡದ ಕಡೆಯಿಂದ ಕಾಡುಹಂದಿಗಳು ಇಳಿಯುತ್ತಿದ್ದವು. ಒಂದು ರಾತ್ರಿಗೆ ಅರ್ಧ ಎಕರೆ ಉತ್ತುಹಾಕಿ ಹೋಗುತ್ತಿದ್ದವು. ತಾತ ಹೊಲದ ಬದುವಿನಲ್ಲಿ ಅಟ್ಟಣೆ ಕಟ್ಟಿ ಕಾಯುತ್ತಿದ್ದರು. ಹಂದಿಯನ್ನು ಹೊಡೆದದ್ದು ನಾನು ಕಂಡಿಲ್ಲ. ಆಕಾಶಕ್ಕೆ ಹಾರಿಸುತ್ತಿದ್ದರು, ಅಷ್ಟೆ. ಉಳಿದ ದಿನ ಅದು ಗೋಡೆಯ ಮೇಲೆ. ಎಲೆಕ್ಷನ್ ಬಂತೆಂದರೆ ಮಾತ್ರ ಗೋಣಿಚೀಲದಲ್ಲಿ ಸುತ್ತಿಸಿಕೊಂಡು ಬಸ್ಸಿನಲ್ಲಿ ಸ್ಟೇಷನ್ನಿಗೆ ಹೋಗಿ, ಲೆಕ್ಕ ಮುಗಿಯುವವರೆಗೆ ಅಲ್ಲಿದ್ದು, ಮತ್ತೆ ಬಸ್ಸಿನಲ್ಲಿ ಮನೆಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ತಪ್ಪದೆ ಚುನಾವಣಾ ಕರ್ತವ್ಯ ಮಾಡಿದ್ದು ಅದೊಂದೇ.

ಅದನ್ನು ತುಂಬುವುದು ಒಂದು ಶಾಸ್ತ್ರ. ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಾಯಿಂದ ಕರಿಮದ್ದು ಸುರಿಯಬೇಕು. ಮೇಲೆ ತೆಂಗಿನ ನಾರಿನ ಉಂಡೆ. ಕಬ್ಬಿಣದ ಗಜ ತೂರಿಸಿ ಕುಟ್ಟಿ ಕೂರಿಸಬೇಕು. ಆಮೇಲೆ ಚರೆ, ಅದರ ಮೇಲೆ ಮತ್ತೆ ನಾರು, ಮತ್ತೆ ಗಜ. ಕೊನೆಗೆ, ಹಾರಿಸುವ ಮುಂಚೆ ಮಾತ್ರ, ಹಿಂದುಗಡೆ ಚಿಕ್ಕ ಕೊಳವೆಯ ಮೂತಿಗೆ ಕೇಪು. ಅಳತೆಯೆಲ್ಲ ಬೆರಳಿನಲ್ಲಿ. ಖಾಲಿ ನಳಿಗೆಯಲ್ಲಿ ಗಜ ಪೂರಾ ಒಳಗಿಳಿದು ಒಂದು ಗೆರೆಗೆ ನಿಲ್ಲುತ್ತದೆ. ತುಂಬಿದ ಮೇಲೆ ಆ ಗೆರೆ ನಳಿಗೆಯ ಬಾಯಿಂದ ಎಷ್ಟು ಬೆರಳು ಮೇಲೆ ಬಂತೋ ಅಷ್ಟು ಬೆರಳು ಈಡು. ತಾತನ ಲೆಕ್ಕ ಮೂರು ಬೆರಳು. ಆ ಗೆರೆಯನ್ನು ಅವರು ಅರದಿಂದ ಉಜ್ಜಿ ಮಾಡಿದ್ದರು. ಕೈಗೆ ತುಪಾಕಿ ಬಂದರೆ ಮೊದಲು ಗಜ ಇಳಿಸಿ ಗೆರೆ ನೋಡು, ಆಮೇಲೆ ಮಿಕ್ಕ ಮಾತು ಎಂದು ಗದರುತ್ತಿದ್ದರು. ಯಾಕೆಂದರೆ ಅದೊಂದು ಬಿಟ್ಟರೆ ಒಳಗೆ ಈಡಿದೆಯೋ ಇಲ್ಲವೋ ತಿಳಿಯುವ ದಾರಿ ಆ ಜಾತಿಯ ಕೋವಿಗೆ ಇಲ್ಲವೇ ಇಲ್ಲ. ಹಿಂದಿನಿಂದ ಮುರಿದು ತೋಟಾ ಹಾಕುವ ಕೋವಿಯಾದರೆ ತೆಗೆದು ಕಣ್ಣಿಟ್ಟರೆ ಆಯಿತು, ಆಚೆಯ ಬೆಳಕು ಕಾಣುತ್ತದೆ. ಇದು ಕುರುಡು.

ಆಗ ನಾನು ಒಂಬತ್ತನೇ ಕ್ಲಾಸು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ‘ಕಾಡಿನ ಕತೆಗಳು’ ಕೈಗೆ ಸಿಕ್ಕಿತ್ತು. ಅದನ್ನು ಆ ವಯಸ್ಸಿನಲ್ಲಿ ಓದಿದವರಿಗೆ ವಿವರಿಸಬೇಕಾಗಿಲ್ಲ, ಓದದವರಿಗೆ ವಿವರಿಸಲು ಬರುವುದಿಲ್ಲ. ಬೆಂಗಳೂರಿನಲ್ಲಿ ಎಚ್ಎಎಲ್‌ನಲ್ಲಿ ಕೆಲಸ ಮಾಡುತ್ತಿದ್ದ ಮನುಷ್ಯ, ರಜೆ ಸಿಕ್ಕರೆ ಕಾಡಿಗೆ. ಅವನ ಕೈಯಲ್ಲಿ .405 ವಿಂಚೆಸ್ಟರ್. ಆ ‘ಪಾಯಿಂಟ್ ನಾನೂರೈದು’ ಎಂಬ ಶಬ್ದವೇ ನನಗೆ ಮಂತ್ರದಂತೆ ಕೇಳುತ್ತಿತ್ತು. ಅದು ಇಂಚಿನ ಲೆಕ್ಕ, ಮಿಲಿಮೀಟರಿನಲ್ಲಿ ಸುಮಾರು ಹತ್ತೂಕಾಲು, ಗುಂಡಿನ ತೂಕ ಹತ್ತೊಂಬತ್ತು ಗ್ರಾಂ ಎಂಬುದೆಲ್ಲ ಆಮೇಲೆ ತಿಳಿದದ್ದು. ಅವನ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತು ಮಾತ್ರ ಆಗಲೇ ತಲೆಯಲ್ಲಿ ಕೂತಿತ್ತು: ಹಳ್ಳಿಯ ಯಾವನೋ ನಾಡಕೋವಿಯಿಂದ ಹೊಡೆದು ಗಾಯಮಾಡಿ ಬಿಟ್ಟ ಹುಲಿ, ಚಿರತೆಗಳೇ ಕುಂಟಾಗಿ ಬೇಟೆಯಾಡಲಾಗದೆ ನರಭಕ್ಷಕವಾಗುತ್ತವೆ. ಅಂದರೆ ಸಣ್ಣ ಈಡು ಅಪಾಯ, ದೊಡ್ಡ ಈಡು ಕ್ಷೇಮ. ನನ್ನ ತಲೆಗೆ ಇಳಿದದ್ದು ಇಷ್ಟು. ಗೋಡೆಯ ಮೇಲಿನ ನಮ್ಮ ತುಪಾಕಿ ಆ ಕಥೆಗಳಲ್ಲಿ ಖಳನ ಪಾತ್ರದ್ದು ಎಂದು ತಿಳಿದು ನನಗೆ ಅವಮಾನವಾಗಿತ್ತು.

ದಸರಾ ರಜೆಯ ಕೊನೆಯ ಭಾನುವಾರ. ಎಲ್ಲರೂ ಕೈವಾರದ ಹತ್ತಿರ ಒಂದು ಮದುವೆಗೆ ಹೋಗಿದ್ದರು. ರೇಷ್ಮೆಹುಳಕ್ಕೆ ಸೊಪ್ಪು ಹಾಕಲು ಮನೆಯಲ್ಲಿ ಉಳಿದವನು ನಾನು. ಸ್ಟೂಲು ಹಾಕಿಕೊಂಡು ತುಪಾಕಿ ಇಳಿಸಿದೆ. ಮದ್ದಿನ ಬುರುಡೆ ಎಲ್ಲಿರುತ್ತದೆಂದು ಗೊತ್ತಿತ್ತು. ತಾತನ ಮೂರು ಬೆರಳು ನನಗೆ ಸಾಲದು. ನಾಲ್ಕು ಬೆರಳು ಹಾಕಿದೆ. ಅಟ್ಟಣೆಯವರೆಗೆ ಹೋದೆ. ಕೇಪು ಇಟ್ಟೆ, ಕುದುರೆ ಎತ್ತಿದೆ, ಭುಜಕ್ಕೆ ಒತ್ತಿಕೊಂಡೆ. ಕೈ ನಡುಗಲು ಶುರುವಾಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಹಾರಿಸಲಿಲ್ಲ. ಕುದುರೆ ಮೆಲ್ಲಗೆ ಇಳಿಸಿ, ಕೇಪು ತೆಗೆದು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಒಳಗಿನ ಈಡನ್ನು ಹೊರಗೆ ತೆಗೆಯಲು ಗಜದ ತುದಿಗೆ ಸಿಕ್ಕಿಸುವ ತಿರುಪು ಬೇಕು, ಅದು ನಮ್ಮ ಮನೆಯಲ್ಲಿರಲಿಲ್ಲ. ಕೇಪು ಇಲ್ಲದ ಮೇಲೆ ಅದೇನು ಮಾಡೀತು ಎಂದುಕೊಂಡು ಗೂಟಕ್ಕೆ ತೂಗುಹಾಕಿದೆ. ತಾತ ಹೇಗೂ ಗೆರೆ ನೋಡುತ್ತಾರೆ, ಬೈತಾರೆ, ಅಷ್ಟೇ ತಾನೆ.

ತಾತನಿಗೆ ಆ ವಾರ ಜ್ವರ. ಕಾವಲಿಗೆ ಹೋದವನು ಚಿಕ್ಕಪ್ಪ.

ಆಸ್ಪತ್ರೆಯಲ್ಲಿ ಪಟಾಕಿ ಎಂದು ಬರೆಸಿದರು, ಹಬ್ಬದ ದಿನಗಳು ಅದಕ್ಕೆ ಅನುಕೂಲವಾಗಿದ್ದವು. ಲೈಸೆನ್ಸ್ ತಾತನ ಹೆಸರಿನಲ್ಲಿತ್ತು. ಬೇರೆಯವರ ಕೈಗೆ ಕೊಡುವ ಹಾಗಿರಲಿಲ್ಲ. ಆಮೇಲೆ ತಾತನೇ ಸ್ಟೇಷನ್ನಿಗೆ ಹೋಗಿ ತುಪಾಕಿ ತೊಳೆಯುವಾಗ ನಳಿಗೆ ಬಿರಿಯಿತು, ಇನ್ನು ನನಗೆ ಬೇಡ ಎಂದು ಬರೆದುಕೊಟ್ಟು ಒಪ್ಪಿಸಿ ಬಂದರು. ಒಪ್ಪಿಸುವ ಮುಂಚೆ ನಾಲ್ಕು ದಿನ ಅದು ಹಿತ್ತಲ ಕೋಣೆಯಲ್ಲಿತ್ತು. ಆ ನಾಲ್ಕು ದಿನದಲ್ಲಿ ಗೌರಿಬಿದನೂರಿನಿಂದ ಮಾವ ಬಂದು ನೋಡಿದರು.

ಅಮ್ಮನ ಅಣ್ಣನಾದ ಈ ಮಾವ ಸೈನ್ಯದಲ್ಲಿ ಇ.ಎಂ.ಇ.ಯಲ್ಲಿ ಆರ್ಮರರ್ ಆಗಿದ್ದವರು. ಬಂದೂಕು ಹೊಡೆಯುವವರಲ್ಲ, ರಿಪೇರಿ ಮಾಡುವವರು. ರಿಟೈರಾಗಿ ಬಂದ ಮೇಲೆ ಮನೆಯಲ್ಲಿ ಒಂದು ಚಾಕು ಕೂಡ ಹರಿತವಾಗಿ ಇಟ್ಟುಕೊಂಡವರಲ್ಲ. ಅವರು ಬಿರಿದ ನಳಿಗೆಯನ್ನು ಬಿಸಿಲಿಗೆ ತಂದು ಅರ್ಧ ಗಂಟೆ ನೋಡಿದರು. ಒಳಗೆ ಬೆರಳಾಡಿಸಿದರು. ಆಮೇಲೆ ಚಿಕ್ಕಪ್ಪನ ಮಂಚದ ಪಕ್ಕ ಕೂತು ಕೇಳಿದರು: “ಎರಡು ಸಲ ತುಂಬಿದಿಯೇನಪ್ಪ?”

“ಒಂದೇ ಈಡು ಭಾವ. ದೇವರಾಣೆ ಒಂದೇ.”

ಮಾವ ಮತ್ತೆ ಕೇಳಲಿಲ್ಲ. ಹೊರಗೆ ಬಂದು ತಾತನಿಗೆ ಹೇಳಿದ್ದನ್ನು ನಾನು ಕಂಬದ ಹಿಂದೆ ನಿಂತು ಕೇಳಿದೆ. ನಳಿಗೆ ತುಕ್ಕು ಹಿಡಿದು ಸೋತಿದ್ದರೆ ಬುಡದಲ್ಲಿ, ಮದ್ದು ಉರಿಯುವ ಜಾಗದಲ್ಲಿ ಬಿರಿಯಬೇಕು. ಇದು ಬುಡದಿಂದ ಒಂದು ಗೇಣು ಮುಂದೆ ಬಿರಿದಿದೆ. ಬಿರುಕಿನ ಪಕ್ಕದಲ್ಲಿ ಬಳೆಯ ಹಾಗೆ ಒಂದು ಉಬ್ಬು ಇದೆ. ನಳಿಗೆಯ ಒಳಗೆ ಏನಾದರೂ ಅಡ್ಡ ಇದ್ದು, ಹಿಂದಿನಿಂದ ಬಂದ ಒತ್ತಡ ಅದಕ್ಕೆ ಬಡಿದಾಗ ಮಾತ್ರ ಹಾಗೆ ಉಬ್ಬುತ್ತದೆ. ಈಡಿನ ಮೇಲೆ ಈಡು. ತಾತ ಬಹಳ ಹೊತ್ತು ಸುಮ್ಮನಿದ್ದು, “ಕುಡಿದಿದ್ದ” ಅಂದರು. ನಿಜ, ಚಿಕ್ಕಪ್ಪ ಅವತ್ತು ಚಳಿಗೆಂದು ಸ್ವಲ್ಪ ಹಾಕಿದ್ದರು. ಕುಡಿದು ಒಂದು ಸಲ ತುಂಬಿ, ಮರೆತು ಇನ್ನೊಂದು ಸಲ ತುಂಬಿದ ಎಂದು ತೀರ್ಮಾನವಾಯಿತು. ಸಾಕ್ಷಿ ಉಬ್ಬಿದ ಉಕ್ಕಿನದು. ಅದರ ಮುಂದೆ ಮನುಷ್ಯನ ಮಾತು ಎಲ್ಲಿ ನಿಲ್ಲುತ್ತದೆ?

ಚಿಕ್ಕಪ್ಪ ಆಗ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಚರಕದಲ್ಲಿ ಕೆಲಸಕ್ಕಿದ್ದರು. ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಲ್ಲಿ ಎಳೆಯ ತುದಿ ಹುಡುಕಿ ಓಡುವ ನೂಲಿಗೆ ಕೊಡಬೇಕು. ಎರಡು ಕೈಯ ಬೆರಳಿಗೂ ಕಣ್ಣಿರಬೇಕಾದ ಕೆಲಸ. ಅದು ಹೋಯಿತು. ಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಎಣಿಸುವುದು, ಲಾಟಿನ ಚೀಟಿ ಬರೆಯುವುದು ಮಾಡಿಕೊಂಡರು. ಆಮೇಲೆ ಊರಿಗೇ ಬಂದು ಹುಳ ಸಾಕಿದರು. ಕುಡಿಯುವುದನ್ನು ಅವತ್ತಿನಿಂದ ಬಿಟ್ಟವರು ಇವತ್ತಿಗೂ ಮುಟ್ಟಿಲ್ಲ. ಆದರೆ ಊರಲ್ಲಿ ಅವರ ಹೆಸರಿನ ಹಿಂದೆ ‘ಎರಡೀಡು’ ಸೇರಿಕೊಂಡಿತು. ಮದುವೆಮನೆಯಲ್ಲಿ ಪಾಯಸ ಎರಡನೇ ಸಲ ಬಡಿಸಿಕೊಂಡರೆ ಹುಡುಗರು ನಗುತ್ತಿದ್ದರು. ವಾದ ಎದ್ದಾಗಲೆಲ್ಲ ಅವರು ಹೇಳುತ್ತಿದ್ದದ್ದು ಅದೇ ಎರಡು ಪದ. ಒಂದೇ ಈಡು. ನಳಿಗೆ ಹಳೆಯದು, ತಯಾರಿಸಿದವನು ಸರಿಯಾಗಿ ಬೆಸುಗೆ ಮಾಡಿಲ್ಲ, ಮದ್ದು ನಯವಾಗಿತ್ತು, ಹೀಗೆ ವರ್ಷಕ್ಕೊಂದು ಕಾರಣ ಹುಡುಕುತ್ತಿದ್ದರು. ತಾನು ಸುಳ್ಳಾಡುತ್ತಿಲ್ಲ ಎಂಬುದೊಂದೇ ಅವರಿಗೆ ಖಚಿತವಾಗಿ ಗೊತ್ತಿದ್ದ ಸಂಗತಿ. ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಬೇಕಿತ್ತು.

ನಾನು ಏನು ಮಾಡಿದೆ? ಓದಿದೆ. ಪಾಪ ಮಾಡಿದವರು ತೀರ್ಥಕ್ಕೆ ಹೋಗುವ ಹಾಗೆ ಬಂದೂಕುಗಳ ಬಗ್ಗೆ ಓದಿದೆ. ನಮ್ಮದು ಹೇಗೂ ಸಿಡಿಯುವ ಕೋವಿಯೇ ಆಗಿತ್ತು ಎಂದು ಎಲ್ಲಾದರೂ ಬರೆದಿರಬಹುದು ಎಂಬ ಆಸೆ ಇತ್ತು. ಪಿಯುಸಿಗೆ ಗೌರಿಬಿದನೂರಿನಲ್ಲಿ ಮಾವನ ಮನೆಯಲ್ಲಿ ಉಳಿದೆ. ಓದಿದ್ದನ್ನೆಲ್ಲ ತಂದು ಅವರ ಮುಂದೆ ಸುರಿಯುತ್ತಿದ್ದೆ.

ಮಾವ ಮೊದಲು ಕಲಿಸಿದ್ದು ಬೋರಿನ ಲೆಕ್ಕ. ಹನ್ನೆರಡು ಬೋರು ದೊಡ್ಡದೋ ಹದಿನಾರು ಬೋರು ದೊಡ್ಡದೋ? ಹದಿನಾರು ಅಂದೆ. ನಕ್ಕರು. ಒಂದು ಪೌಂಡು ಸೀಸದಲ್ಲಿ ನಳಿಗೆಗೆ ಹಿಡಿಯುವಂಥ ಹನ್ನೆರಡು ಗುಂಡು ಆದರೆ ಅದು ಹನ್ನೆರಡು ಬೋರು, ನಾಲ್ಕೇ ಆದರೆ ನಾಲ್ಕು ಬೋರು. ಸಂಖ್ಯೆ ಇಳಿದಷ್ಟೂ ಬಾಯಿ ಅಗಲ. ನಾಲ್ಕು ಬೋರಿನ ಒಂದು ಗುಂಡು 113 ಗ್ರಾಂ, ಹೆಚ್ಚುಕಡಿಮೆ ಅರ್ಧ ಪಾವು. ಅದನ್ನು ಭುಜದ ಮೇಲಿಟ್ಟು ಹೊಡೆದವರು ನಮ್ಮ ಮೈಸೂರು ಸೀಮೆಯಲ್ಲೇ ಇದ್ದರು. ಆನೆಗಳ ಖೆಡ್ಡಾ ನಡೆಸಿದ ಸ್ಯಾಂಡರ್ಸನ್, 1878ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಆನೆಗೆ ಭಾರಿ ಕೋವಿಯೇ ಬೇಕೆಂಬ ಪಕ್ಷ. ಅದಕ್ಕೆ ಎದುರು ಪಕ್ಷದವನು ಆಫ್ರಿಕಾದ ಬೆಲ್ ಎಂಬ ಬೇಟೆಗಾರ. ಸಾವಿರದಷ್ಟು ಆನೆ ಕೊಂದ, ಅದರಲ್ಲಿ ಹೆಚ್ಚಿನವನ್ನು ಏಳು ಮಿಲಿಮೀಟರಿನ ಸಪೂರ ರೈಫಲ್ಲಿನಿಂದ. ಆನೆಯ ತಲೆಬುರುಡೆಯೊಳಗೆ ಮೆದುಳು ಎಲ್ಲಿದೆ ಎಂದು ಅವನಿಗೆ ಸರಿಯಾಗಿ ಗೊತ್ತಿತ್ತು. ದೊಡ್ಡದು ಮೇಲೋ ಸಣ್ಣದು ಮೇಲೋ ಎಂದು ಇವರ ಹಿಂಬಾಲಕರು ನೂರು ವರ್ಷದಿಂದ ಜಗಳವಾಡುತ್ತಿದ್ದಾರೆ. ಸತ್ತ ಆನೆಗಳನ್ನು ಯಾರೂ ಕೇಳಿಲ್ಲ.

“ನೀನು ಬಾಯಿ ನೋಡ್ತಿದೀಯ,” ಅನ್ನುತ್ತಿದ್ದರು ಮಾವ. “ಬಂದೂಕನ್ನ ಹಿಂದಿನಿಂದ ನೋಡೋದು ಕಲಿ. ಎದುರಿಗಿರೋದನ್ನ ಅದು ಏನು ಮಾಡುತ್ತೆ ಅಂತ ಎಲ್ಲರಿಗೂ ಗೊತ್ತು. ಹಿಂದೆ ಇರೋನಿಗೆ ಏನು ಮಾಡಬಹುದು ಅನ್ನೋದು ನಮ್ಮ ಕೆಲಸ.”

.303 ರೈಫಲ್ಲಿನಲ್ಲಿ ತೋಟಾ ಉರಿದಾಗ ಹುಟ್ಟುವ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಮೂರು ಸಾವಿರ ಪಟ್ಟಿಗೂ ಹೆಚ್ಚು. ನಮ್ಮ ಕರಿಮದ್ದಿನ ತುಪಾಕಿಯಲ್ಲಿ ಸರಿಯಾದ ಈಡಿಗೆ ಅದರ ಮೂರನೇ ಒಂದು ಭಾಗವೂ ಇರುವುದಿಲ್ಲ. ಆ ಒತ್ತಡ ಗುಂಡನ್ನು ಮುಂದಕ್ಕೆ ತಳ್ಳುವಷ್ಟೇ ಜೋರಾಗಿ ಹಿಂದಿನ ಬಾಗಿಲನ್ನೂ ತಳ್ಳುತ್ತದೆ. ಬಾಗಿಲಿಗೆ ಅಗುಳಿ ಎಲ್ಲಿ ಹಾಕಿದ್ದಾರೆ, ಎಷ್ಟು ಹಾಕಿದ್ದಾರೆ ಎಂಬುದರ ಮೇಲೆ ಹಿಂದಿರುವವನ ಮುಖ ನಿಂತಿದೆ. ಜರ್ಮನಿಯ ಮೌಸರ್ ಬಾಗಿಲಿನ ಮುಂತುದಿಯಲ್ಲೇ ಎರಡು ಅಗುಳಿ ಕೊಟ್ಟ, ಅವು ಸೋತರೆ ಇರಲಿ ಎಂದು ಹಿಂದೆ ಮೂರನೆಯದು. ತೋಟಾ ಒಡೆದರೆ ಬೆಂಕಿ ಪಕ್ಕಕ್ಕೆ ಹೋಗಲೆಂದು ತೂತು ಕೊರೆದ. ಅಂಥವನೇ 1901ರಲ್ಲಿ ಹೊಸ ರೈಫಲ್ಲೊಂದನ್ನು ಪರೀಕ್ಷಿಸುವಾಗ ಒಂದು ಕಣ್ಣು ಕಳೆದುಕೊಂಡ. ನಮ್ಮ .303ಯ ಅಗುಳಿ ಇರುವುದು ಹಿಂದೆ. ತಪ್ಪೇನಲ್ಲ, ಬೇಗ ಬೇಗ ಹೊಡೆಯಲು ಅನುಕೂಲ. ಅದೇ ಮಾದರಿಯನ್ನು ಅರವತ್ತರ ದಶಕದಲ್ಲಿ ಈಶಾಪುರದ ಕಾರ್ಖಾನೆಯವರು ಹೆಚ್ಚು ಒತ್ತಡದ 7.62ಕ್ಕೆ ಹೊಂದಿಸುವಾಗ ಉಕ್ಕನ್ನೇ ಬದಲಿಸಬೇಕಾಯಿತು. ಹೊಸ ರೈಫಲ್ಲಿಗೆ ಬೇಕೆಂದೇ ಹೆಚ್ಚು ಮದ್ದಿನ ತೋಟಾ ಹಾಕಿ, ದೂರ ನಿಂತು ದಾರ ಎಳೆದು ಹಾರಿಸಿ, ಬದುಕಿದರೆ ಮುದ್ರೆ ಒತ್ತುತ್ತಾರೆ. ಇದನ್ನೆಲ್ಲ ಮಾವ ಬೀಗ ರಿಪೇರಿಯವನ ಧಾಟಿಯಲ್ಲಿ ಹೇಳುತ್ತಿದ್ದರು. ಸಿಡಿಯದ ಬಂದೂಕು ಇಲ್ಲ, ಸಿಡಿಯುವುದಾದರೆ ಯಾವ ಕಡೆಗೆ ಸಿಡಿಯಬೇಕು ಎಂದು ಮೊದಲೇ ಯೋಚಿಸಿ ಮಾಡಿದ್ದು ಒಳ್ಳೆಯ ಬಂದೂಕು, ಯೋಚಿಸದೆ ಮಾಡಿದ್ದು ಕೆಟ್ಟದ್ದು. ಅವರ ಶಾಸ್ತ್ರವೆಲ್ಲ ಇಷ್ಟೇ ಇತ್ತು.

ಒಂದು ಭಾನುವಾರ ಸೈಕಲ್ಲಿನಲ್ಲಿ ವಿದುರಾಶ್ವತ್ಥಕ್ಕೆ ಹೋಗಿದ್ದೆವು. ಗೌರಿಬಿದನೂರಿನಿಂದ ಹತ್ತಿರ, ಉತ್ತರ ಪಿನಾಕಿನಿಯ ದಂಡೆ. ಸಾಲುಸಾಲು ನಾಗರಕಲ್ಲುಗಳು. 1938ರ ಏಪ್ರಿಲ್ 25ರಂದು ಅಲ್ಲಿ ನಿಷೇಧ ಮೀರಿ ಕಾಂಗ್ರೆಸ್ಸಿನ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಎಂದಿತು ಸರ್ಕಾರ. ಮೂವತ್ತಕ್ಕೂ ಹೆಚ್ಚು ಎಂದರು ಜನ. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿ, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ಸಿನದನ್ನೂ ಹಾರಿಸಬಹುದು ಎಂದು ಒಪ್ಪಂದವಾಯಿತು. ಸ್ಮಾರಕದ ಮುಂದೆ ಮಾವ ಚಪ್ಪಲಿ ಬಿಟ್ಟು ನಿಂತರು. ನಾನು ಎಂದಿನ ಚಾಳಿಯಲ್ಲಿ, ಅವತ್ತು ಪೊಲೀಸರ ಕೈಯಲ್ಲಿ ಇದ್ದದ್ದು ಯಾವ ರೈಫಲ್ ಇರಬಹುದು ಮಾವ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು.

“ಯಾವುದಾದರೇನೋ. ಅವತ್ತು ಒಂದೂ ಕೆಟ್ಟಿರಲಿಲ್ಲ ನೋಡು. ಯಾರೋ ನನ್ನಂಥೋನೇ ಎಣ್ಣೆ ಹಾಕಿ ಒರೆಸಿ ಕೊಟ್ಟಿರ್ತಾನೆ.”

ವಾಪಸು ಬರುವಾಗ ಇಬ್ಬರೂ ಮಾತಾಡಲಿಲ್ಲ. ಅವತ್ತು ಹೇಳಿಬಿಡಬೇಕು ಅನ್ನಿಸಿತ್ತು. ಹೇಳಲು ಬಾಯಿ ತೆರೆದಾಗ ಎದುರಿನಿಂದ ಲಾರಿ ಬಂತು, ಸೈಕಲ್ ಪಕ್ಕಕ್ಕೆ ಇಳಿಸಬೇಕಾಯಿತು. ಇಂಥ ನೆವಗಳು ನನಗೆ ಬಹಳ ಸಿಕ್ಕಿವೆ.

2009ರಲ್ಲಿ ತಾತ ತೀರಿಕೊಂಡರು. ಕೊನೆಯ ತಿಂಗಳಲ್ಲಿ ಅವರನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ ನೋಡಿಕೊಂಡವರು ಚಿಕ್ಕಪ್ಪ. ತಾತ ಆ ಕೈಯನ್ನು ಹಿಡಿದುಕೊಂಡು, “ಕುಡಿಯದೆ ಇದ್ದಿದ್ದರೆ...” ಅನ್ನುತ್ತಿದ್ದರಂತೆ. ಬೈಗುಳವಲ್ಲ, ಮರುಕ. ಚಿಕ್ಕಪ್ಪ ಆಗ ವಾದ ಮಾಡುತ್ತಿರಲಿಲ್ಲವಂತೆ. ಇದನ್ನು ಹೇಳಿದ್ದು ಚಿಕ್ಕಮ್ಮ.

2021ರ ಫೆಬ್ರುವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಕಲ್ಲುಕ್ವಾರಿಯ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಆ ವಾರವೆಲ್ಲ ಮನೆಯಲ್ಲಿ ಸಿಡಿಮದ್ದಿನದೇ ಮಾತು. ಅದಾಗಿ ಕೆಲವು ತಿಂಗಳಿಗೆ, ಲಾಕ್‌ಡೌನ್ ಸಡಿಲವಾದಾಗ ಊರಿಗೆ ಹೋಗಿದ್ದೆ. ಮಾವನೂ ಬಂದಿದ್ದರು. ಚಿಕ್ಕಪ್ಪನ ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕದಲ್ಲಿ ಒಬ್ಬ .50 ರೈಫಲ್ ಹೊಡೆಯುತ್ತಾನೆ. ಹನ್ನೆರಡೂಮುಕ್ಕಾಲು ಮಿಲಿಮೀಟರಿನ ಬಾಯಿ, ತೋಟಾ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು ಉದ್ದ. ಮೊದಲನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಮಷಿನ್‌ಗನ್ನಿಗೆಂದು ಹುಟ್ಟಿದ ತೋಟಾ ಅದು. ಆ ಮಷಿನ್‌ಗನ್ ಮಾಡಿದ ಬ್ರೌನಿಂಗನೇ ಆಂಡರ್ಸನ್ನನ ವಿಂಚೆಸ್ಟರನ್ನೂ ರೂಪಿಸಿದವನು. ಈ ವಿಡಿಯೊದ ರೈಫಲ್ ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ ಸರಳ ಯಂತ್ರ, ಹಿಂದಿನ ಬಾಗಿಲಿಗೆ ಅಗುಳಿಯ ಬದಲು ಉಪ್ಪಿನಕಾಯಿ ಜಾಡಿಯ ಮುಚ್ಚಳದ ಹಾಗೆ ತಿರುಗಿಸಿ ಬಿಗಿಯುವ ಟೊಪ್ಪಿ. ಹಳೆಯ ತೋಟಾಗಳನ್ನು ಒಂದೊಂದಾಗಿ ಹೊಡೆಯುತ್ತಿದ್ದಾನೆ. ಒಂದಕ್ಕೆ ಟೊಪ್ಪಿಯ ತಿರುಪು ಹರಿದು, ಚೂರುಗಳು ಅವನ ಮುಖಕ್ಕೂ ಕುತ್ತಿಗೆಗೂ ಬಡಿದವು. ಕುತ್ತಿಗೆಯ ರಕ್ತನಾಳ ಹರಿದ ಜಾಗಕ್ಕೆ ಹೆಬ್ಬೆರಳು ಒತ್ತಿಕೊಂಡು ಆಸ್ಪತ್ರೆ ಸೇರಿದನಂತೆ.

ಅವನ ಸುತ್ತ ಪ್ರಪಂಚದಲ್ಲೆಲ್ಲ ಎದ್ದ ಚರ್ಚೆ ನಮ್ಮ ಜಗಲಿಯ ಮೇಲೂ ಎದ್ದಿತು. ತೋಟಾದ ತಪ್ಪು ಎಂದ ಚಿಕ್ಕಪ್ಪನ ಮಗ. ಯಾರೋ ಮದ್ದು ಬದಲಿಸಿ ತುಂಬಿದ ನಕಲಿ ತೋಟಾ ಅದು, ಯಾವ ರೈಫಲ್ಲೂ ತಡೆಯುತ್ತಿರಲಿಲ್ಲ. ಮಾವ ತಲೆಯಾಡಿಸಿದರು. “ತೋಟಾ ಕೆಟ್ಟದ್ದೇ ಇರಬಹುದು. ಆದರೆ ಟೊಪ್ಪಿ ಹರಿದರೆ ನೆಟ್ಟಗೆ ಮುಖಕ್ಕೇ ಬರೋ ಹಾಗೆ ಕೂರಿಸಿದೋನು ಯಾರು? ಕೆಟ್ಟ ತೋಟಾ ಬಂದೇ ಬರುತ್ತೆ ಅಂತ ಮೊದಲೇ ಯೋಚಿಸಬೇಕು.” ಹುಡುಗ ಬಿಡಲಿಲ್ಲ. ಇಷ್ಟು ದೊಡ್ಡ ತೋಟಾಕ್ಕೆ ಅಗ್ಗದ ರೈಫಲ್ ಬೇಕೆಂದರೆ ಹಾಗೇ ಮಾಡಬೇಕಾಗುತ್ತೆ ಎಂದ. ಅಗ್ಗ ಯಾಕೆ ಬೇಕು ಎಂದರು ಮಾವ. ಹೀಗೆ ಸ್ವಲ್ಪ ಹೊತ್ತು. ಚಿಕ್ಕಪ್ಪ ಆ ವಿಡಿಯೊವನ್ನು ಸರಿಯಿರುವ ಕಣ್ಣಿಗೆ ಹತ್ತಿರ ಹಿಡಿದು ಇನ್ನೊಂದು ಸಲ ನೋಡಿದರು. “ಬದುಕಿದನಾ?” ಎಂದು ಕೇಳಿದರು. ಬದುಕಿದ ಎಂದೆವು. “ಅವನ ಮಾತನ್ನ ನಂಬಿದರಾ?”

ಯಾರಿಗೂ ಅರ್ಥವಾಗಲಿಲ್ಲ. ವಿಡಿಯೊ ಇದೆಯಲ್ಲ ಅಪ್ಪ, ಎಲ್ಲರೂ ನೋಡಿದಾರೆ ಎಂದ ಮಗ. “ಹೌದಲ್ಲ,” ಎಂದು ಮೊಬೈಲು ಕೊಟ್ಟು ಹುಳದ ಮನೆಗೆ ಎದ್ದುಹೋದರು.

ನಾನು ಹಿಂದೆ ಹೋದೆ. ನಾಲ್ಕನೇ ಜ್ವರ ಎದ್ದ ಹುಳಗಳು ಸೊಪ್ಪು ಮೇಯುವ ಸದ್ದು ಮಳೆ ಹನಿದ ಹಾಗೆ ಕೇಳುತ್ತಿತ್ತು. ಅವರು ಮೂರು ಬೆರಳಿನ ಕೈಯಿಂದ ಕಂತೆ ಅದುಮಿಟ್ಟುಕೊಂಡು ಇನ್ನೊಂದು ಕೈಯಿಂದ ಸೊಪ್ಪು ಹರವುತ್ತಿದ್ದರು. ನಿಂತುಕೊಂಡೇ ಹೇಳಿದೆ. ಭಾನುವಾರದ್ದು, ಸ್ಟೂಲಿನದ್ದು, ಅಟ್ಟಣೆಯದ್ದು, ಕೇಪು ತೆಗೆದು ಜೇಬಿಗೆ ಹಾಕಿಕೊಂಡದ್ದು. ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆನೆಂದರೆ ಎಲ್ಲೂ ತೊದಲಲಿಲ್ಲ, ಅದೇ ನಾಚಿಕೆಯಾಯಿತು.

ಅವರ ಕೈ ನಿಂತಿತು.

“ಎಷ್ಟು ಬೆರಳು ಹಾಕಿದ್ದೆ?”

“ನಾಲ್ಕು.”

“ನಾನು ಮೂರು,” ಅಂದರು. “ಏಳು ಬೆರಳಾಯ್ತು. ಏಳು ಬೆರಳು ಅಂದರೆ...” ಗಜವನ್ನು ಇಳಿಸುವವರ ಹಾಗೆ ಬಲಗೈಯನ್ನು ಗಾಳಿಯಲ್ಲಿ ಕೆಳಗೆ ತಂದು ನಿಲ್ಲಿಸಿದರು. “ಗಜ ಮೇಲೇ ನಿಂತಿರಬೇಕು. ಕೈಗೆ ಗೊತ್ತಾಗಬೇಕಿತ್ತು. ಕತ್ತಲಲ್ಲಿ ಗೆರೆ ನೋಡಲಿಲ್ಲ ನಾನು. ಮನೆಯಲ್ಲಿ ಇದ್ದ ತುಪಾಕಿ ಖಾಲಿ ಇರುತ್ತೆ ಅಂತ...”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕ್ಷಮಿಸಿದೆ ಎಂಬಂಥ ಮಾತೂ ಬರಲಿಲ್ಲ. ಹರವಬೇಕಾದ ಸೊಪ್ಪು ಇನ್ನೂ ಎರಡು ತಟ್ಟೆಗಾಗುವಷ್ಟಿತ್ತು. ಒಂದು ತಟ್ಟೆ ಮುಗಿಸಿದರು.

“ನಿಮ್ಮ ಮಾವನಿಗೆ ಹೇಳಬೇಕು. ಅವನು ಹೇಳಿದ್ದೂ ಸರಿ,” ಅಂದರು. ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ತಿರುಗದೆ, “ಅಪ್ಪ ಇರೋವಾಗ ಹೇಳಬೇಕಿತ್ತು ಕಣೋ ಇದನ್ನ.”

ಮೂಲೆಯಲ್ಲಿದ್ದ ಇನ್ನೊಂದು ಕಂತೆಯನ್ನು ತೋರಿಸಿದರು. ಬಿಚ್ಚಿ ಕೊಟ್ಟೆ.